ದಮ್ ಬಿಡುವು

ಒಂದೇ ಸಿಗರೇಟನ್ನು ವಾರವಿಡೀ ಸೇದಬಲ್ಲ ಮಹಾಪುರುಷ ಈ ಭೂಮಂಡಲದಲ್ಲಿ ಒಬ್ಬನೇ ಇದ್ದ. ಆಸ್ಪತ್ರೆಗಳ ಹಾಸಿಗೆ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿಯೊಂದರಲ್ಲಿ ಅವನು ಇಸ್ತ್ರಿ ಯಂತ್ರ ನಡೆಸುತ್ತಿದ್ದ. ಎಲ್ಲರ ಬಾಯಲ್ಲೂ ದಮ್ಮಣ್ಣ. ಹೆತ್ತವರು ಇಟ್ಟ ಹೆಸರೂ ಒಂದಿತ್ತಂತೆ, ಅದು ಅವನಿಗೇ ಸರಿಯಾಗಿ ನೆನಪಿರಲಿಲ್ಲ.

ಹಿತ್ತಲ ಅಂಗಳದಲ್ಲಿ ಗೋಡೆಗೊರಗಿಸಿದ ಸ್ಟೂಲಿನ ಮೇಲೆ ಅವನು ಆಸೀನನಾಗುವ ವೈಭವವನ್ನು ನೋಡಬೇಕಿತ್ತು. ಅರೆಮುಚ್ಚಿದ ಕಣ್ಣು, ಎರಡು ಬೆರಳ ನಡುವೆ ಸಿಗರೇಟು, ತಲೆಯ ಸುತ್ತ ಮೋಡ ಮೋಡವಾಗಿ ಏಳುವ ಬಿಳಿ ಹೊಗೆ. ಅವನ ಬೆನ್ನ ಹಿಂದೆಯೇ ಬಾಯ್ಲರಿನ ಹಬೆ ಕೊಳವೆಯ ಬಾಯಿ ಇದೆಯೆಂದು ಕೆಲವು ಹೊಟ್ಟೆಕಿಚ್ಚಿನವರು ಹೇಳುತ್ತಿದ್ದರು. ಭಕ್ತರು ಕಿವಿಗೊಡಲಿಲ್ಲ. "ಬೇರೆಯವ್ರು ಮೂಗಲ್ಲಿ ಹೊಗೆ ಬಿಟ್ರೆ ನಮ್ಮಣ್ಣ ತಲೆಯಿಂದ ಬಿಡ್ತಾನೆ ಕಣ್ರೋ" ಎಂದು ಬಾಯ್ಲರ್‌ನವನು ಹೊಸಬರಿಗೆ ಪಾಠ ಹೇಳುತ್ತಿದ್ದ. ಬೂದಿ ಉದುರಿಸದವನು, ಕೆಮ್ಮದವನು, ಜೀವಮಾನದಲ್ಲಿ ಯಾರ ಬಳಿಯೂ ಬೆಂಕಿಪೊಟ್ಟಣ ಕೇಳದವನು! ಹಬೆಗೆ ಮೆತ್ತಗಾದ ಸಿಗರೇಟು ಕಿವಿಯ ಮೇಲಿಂದ ಜಾರತೊಡಗಿದಾಗ ಮಾತ್ರ ಹೊಸದೊಂದು ಅದರ ಜಾಗಕ್ಕೆ ಬರುತ್ತಿತ್ತು.

ಆ ಸ್ಟೂಲು ಸುಮ್ಮನೆ ಸಿಕ್ಕಿದ್ದಲ್ಲ. ಹಿಂದೊಂದು ಬೇಸಗೆಯಲ್ಲಿ ಇಸ್ತ್ರಿ ಯಂತ್ರದ ಮುಂದೆ ಇಬ್ಬರು ನಿಂತಲ್ಲೇ ಕುಸಿದಾಗ, ಉಳಿದವರು ಯಂತ್ರ ನಿಲ್ಲಿಸಿ ಕೂತುಬಿಟ್ಟರು. "ಒಂಚೂರು ದಮ್ ಎಳ್ಕೊಳ್ಳೋಕೆ ಬಿಡಿ ಸ್ವಾಮಿ" ಎಂದರು. ಅವರು ಕೇಳಿದ್ದು ಉಸಿರು. ಆದರೆ ಸಿಗರೇಟಿನ ಎಳೆತಕ್ಕೂ ದಮ್ಮೆಂದೇ ಹೆಸರು, ಆಗಿನ ಮಾಲೀಕನಿಗೋ ಸ್ವತಃ ಅದರ ಗೀಳು. "ಪಾಪ, ಚಟ ಯಾರನ್ನ ಬಿಟ್ಟಿದೆ" ಎಂದು ಕರಗಿದ ಆತ ಹಿತ್ತಲ ಬಾಗಿಲ ಮೇಲೆ 'ದಮ್ ಬಿಡುವು' ಎಂದು ದಪ್ಪಕ್ಷರದಲ್ಲಿ ಬರೆಸಿ ಹತ್ತು ನಿಮಿಷ ದಯಪಾಲಿಸಿದ. ಸೇದುವವರಿಗೆ ಮಾತ್ರ. ತಪ್ಪು ತಿದ್ದಲು ಯಾರೂ ಹೋಗಲಿಲ್ಲ. ಕೈಗೆ ಬಂದ ಬಿಡುವನ್ನು ಶಬ್ದಾರ್ಥಕ್ಕಾಗಿ ಕಳೆದುಕೊಳ್ಳುವಷ್ಟು ಪಂಡಿತರು ಅಲ್ಲಿರಲಿಲ್ಲ. ಸೇದದವರು ನಿಂತೇ ಇದ್ದರು. ಅವರಲ್ಲಿ ಹೆಚ್ಚಿನವರು ಹೆಂಗಸರು.

ಹೀಗಿರುವಾಗ ಸರ್ಕಾರ ಕಾನೂನು ತಂದಿತು. ಕೆಲಸದ ಜಾಗದಲ್ಲಿ, ಅದರ ಅಂಗಳದಲ್ಲಿ ಧೂಮಪಾನ ನಿಷಿದ್ಧ. ಕಾನೂನುಗಳನ್ನು ಆಮೆಯ ವೇಗದಲ್ಲಿ ಪಾಲಿಸುತ್ತಿದ್ದ ಮ್ಯಾನೇಜರ್ ಇದೊಂದಕ್ಕೆ ಕುದುರೆಯಾದ. ಅದೇ ದಿನ ಹಿತ್ತಲ ಬಾಗಿಲಿಗೆ ಬೀಗ. ಸ್ಟೂಲು ಅವನ ಕೋಣೆಗೆ ಹೋಗಿ ಪ್ರಿಂಟರನ್ನು ಹೊತ್ತು ನಿಂತಿತು.

ಸೈಕಲ್ ಶೆಡ್ಡಿನಲ್ಲಿ ಸಂಘದ ಸಭೆ ಸೇರಿತು. ಕಾರ್ಯದರ್ಶಿ ಮೇಷ್ಟ್ರು, ಸಂಜೆ ಶಾಲೆಯಲ್ಲಿ ಪಾಠ ಹೇಳುತ್ತ ಕ್ರಾಂತಿಗೆ ಹಗಲು ಮೀಸಲಿಟ್ಟವರು.

"ಬ್ಲೀಚಿನ ಘಾಟಿಗೆ ಕಾನೂನಿಲ್ಲ, ಬಾಯ್ಲರಿನ ಮಸಿಗೆ ಕಾನೂನಿಲ್ಲ! ಬಡವನ ಬೆರಳ ತುದೀಲಿ ಕಿಡಿ ಕಂಡ್ರೆ ಮಾತ್ರ ಸರ್ಕಾರಕ್ಕೆ ನಮ್ಮ ಎದೆ ಮೇಲೆ ಪ್ರೀತಿ ಉಕ್ಕುತ್ತೆ!"

ಚಪ್ಪಾಳೆ ಮುಗಿಯುವ ತನಕ ಕಾದು, ಬಟ್ಟೆ ಮಡಿಸುವ ಮೇಜಿನ ಅತ್ತಿಗೆ ಎದ್ದಳು. ಅವಳು ದಮ್ಮಣ್ಣನ ತೀರಿಹೋದ ಅಣ್ಣನ ಹೆಂಡತಿ.

"ಆ ಕಿಡಿನೇ ಮೇಷ್ಟ್ರೇ ನಮ್ಮನೆಯವ್ರನ್ನ ಸುಟ್ಟಿದ್ದು. ಸಿಗರೇಟ್ ಕಂಪನಿಯವನೇನು ನಮ್ಮ ಸಂಘದ ಮೆಂಬರ್ರಾ? ಅವ್ನೂ ಮಾಲೀಕನೇ. ಈ ಮಾಲೀಕ ಕಾಲು ತಿಂತಾನೆ, ಅವ್ನು ಎದೆ ತಿಂತಾನೆ. ಕಾನೂನು ಇರ್ಲಿ ಬಿಡಿ."

"ಹಾಗಾದ್ರೆ ಬಿಡುವು ಹೋಗ್ಲಿ ಅಂತೀಯೇನಮ್ಮ?"

"ನಂಗೆ ಯಾವಾಗಿತ್ತು, ಹೋಗೋಕೆ? ಸೇದೋರು ಸೇದದೋರು ಎಲ್ರಿಗೂ ಹತ್ತು ನಿಮಿಷ ಕೇಳಿ. ದಮ್ ಅಂದ್ರೆ ಉಸಿರು ಅಂತ ಹೇಳಿ. ಉಸಿರಾಡ್ಬೇಡಿ ಅಂತ ಇನ್ನೂ ಯಾವ ಕಾನೂನೂ ಬಂದಿಲ್ವಲ್ಲ!"

ಶೆಡ್ಡು ನಕ್ಕಿತು. ಮೇಷ್ಟ್ರೂ ನಕ್ಕರು. "ಒಳ್ಳೆ ಮಾತಮ್ಮ. ಆದ್ರೆ ಘೋಷಣೆಗೆ ಹೊಂದಲ್ಲ." ಅದೂ ಅಲ್ಲದೆ ಬ್ಯಾನರು ಆಗಲೇ ತಯಾರಾಗಿತ್ತು: 'ನಮ್ಮ ಹೊಗೆ, ನಮ್ಮ ಹಕ್ಕು.' ಅದರ ಕೆಳಗೆ ಹಬೆಯ ಕಿರೀಟ ಧರಿಸಿದ ದಮ್ಮಣ್ಣನ ಚಿತ್ರ.

ಅತ್ತಿಗೆ ಮೈದುನನ ಕಡೆ ತಿರುಗಿದಳು. "ನೀನಾದ್ರೂ ಬಾಯಿಬಿಡೋ. ನಿನ್ನ ಮಾತಾದ್ರೆ ಕೇಳ್ತಾರೆ."

ದಮ್ಮಣ್ಣ ಕಿವಿಯ ಮೇಲಿನ ಸಿಗರೇಟು ತೆಗೆದು, ನೋಡಿ, ಮತ್ತೆ ಅಲ್ಲೇ ಸಿಕ್ಕಿಸಿಕೊಂಡ. "ನೋಡೋಣ ಅತ್ತಿಗೆ" ಎಂದ. ಭಕ್ತರ ಕಿವಿಗೆ ಅದು ರಣಕಹಳೆಯಂತೆ ಕೇಳಿಸಿತು.

ಮಾತುಕತೆಯ ದಿನ ಮ್ಯಾನೇಜರ್ ಬೆಣ್ಣೆಯಂತಿದ್ದ. "ಒಂದೇ ಪ್ರಶ್ನೆ ಕೇಳ್ತೀನಿ. ಸೇದೋಕಲ್ಲ, ಬರೀ ಕೂತ್ಕೊಳ್ಳೋಕೆ ಅಂತ ಆ ಅಂಗಳಕ್ಕೆ ಹೋಗ್ತಿದ್ದೋರು ಒಬ್ರಾದ್ರೂ ಇದ್ದಾರಾ? ಇದ್ರೆ ಹೇಳಿ, ಅದನ್ನ ವಿಶ್ರಾಂತಿ ಅನ್ನೋಣ. ವಿಶ್ರಾಂತಿ ಕಿತ್ಕೊಳ್ಳೋ ಅಧಿಕಾರ ನಂಗಿಲ್ಲ, ಎಲ್ರಿಗೂ ಕೊಡ್ಬೇಕಾಗುತ್ತೆ." ಅವನ ನೋಟ ದಮ್ಮಣ್ಣನ ಮೇಲೆ ನಿಂತಿತು. "ನೀನು ಹೇಳಪ್ಪ."

ದಮ್ಮಣ್ಣ ಬಾಯಿ ತೆರೆದ.

"ಯಾರನ್ನ ಕೇಳ್ತಿದೀರಿ ಸ್ವಾಮಿ?" ಮೇಷ್ಟ್ರು ಕುರ್ಚಿಯಿಂದ ಚಿಮ್ಮಿದರು. "ನಮ್ಮ ದಮ್ಮಣ್ಣನ್ನಾ? ಸಿಗರೇಟ್ ಇಲ್ದೆ ಅವನು ಅಲ್ಲಿ ಸುಮ್ನೆ ಕೂರೋದಾ? ಪ್ರಾಣ ಬಿಟ್ಟಾನು!"

ಬಾಗಿಲಾಚೆ ಜೈಕಾರ ಎದ್ದಿತು. ದಮ್ಮಣ್ಣನ ಬಾಯಿ ಹಾಗೇ ಮುಚ್ಚಿಕೊಂಡಿತು. ಕಿಟಕಿಯ ಹೊರಗೆ ನಿಂತಿದ್ದ ಅತ್ತಿಗೆ ಅವನನ್ನೇ ನೋಡುತ್ತಿದ್ದಳು. ಅವನು ನೆಲ ನೋಡಿದ.

"ಹಾಗಾದ್ರೆ ಅದು ಚಟ" ಎಂದ ಮ್ಯಾನೇಜರ್, ಇನ್ನಷ್ಟು ಮೃದುವಾಗಿ. "ಚಟಕ್ಕೆ ಚಿಕಿತ್ಸೆ ಕೊಡೋಣ."

ಚಿಕಿತ್ಸೆ ಬಂತು. ಪ್ರತಿ ಯಂತ್ರಕ್ಕೂ ಒಂದೊಂದು ಡಬ್ಬಿ ನೇತುಬಿತ್ತು, ಅದರ ತುಂಬ ನಿಕೋಟಿನ್ ಚೂಯಿಂಗ್ ಗಮ್ಮು. ಡಬ್ಬಿಯ ಮೇಲೆ ನಗುವ ಮುಖ, ಕೆಳಗೆ 'ನಿಂತಲ್ಲೇ ಅಗಿಯಬಹುದು.' ಹಿತ್ತಲ ಬಾಗಿಲಿಗೆ ಇಟ್ಟಿಗೆ ಕಟ್ಟಿ ಗಾರೆ ಬಳಿದರು. ಮೇಲಿನ 'ದಮ್ ಬಿಡುವು' ಗೋಡೆಯ ಹಣೆಬರಹದಂತೆ ಉಳಿಯಿತು. ಆಚೆ ಖಾಲಿ ಅಂಗಳಕ್ಕೆ ಕೊಳವೆ ಹಬೆ ಬಿಡುತ್ತಲೇ ಇತ್ತು. ಮುಂದಿನ ಬೇಸಗೆಯಲ್ಲಿ ಅತ್ತಿಗೆ ಮೇಜಿನ ಮೇಲೆ ಮುಖ ಅಡಿಯಾಗಿ ಕುಸಿದಳು. ಅವಳನ್ನು ಹೊತ್ತೊಯ್ದ ಸ್ಟ್ರೆಚರಿನ ಹಾಸು ಅವಳೇ ಮಡಿಸಿದ್ದಿರಬೇಕು. ಗುಣವಾಗಿ ಬಂದಳು, ಮತ್ತೆ ಮಡಿಸಿದಳು, ನಿಂತೇ. ಮೈದುನನ ಜೊತೆ ಮಾತು ಮಾತ್ರ ಬಿಟ್ಟಳು.

ವರ್ಷಗಳ ಮೇಲೆ ಮೇಷ್ಟ್ರು ಸಂಘದ ಚರಿತ್ರೆ ಬರೆಯಲು ಹೊರಟರು. ಸೋತ ಹೋರಾಟಗಳೇ ಹೆಚ್ಚಿದ್ದರಿಂದ ಗ್ರಂಥ ದಪ್ಪವಾಗುವ ಲಕ್ಷಣವಿತ್ತು. 'ಹೊಗೆಯ ಮಹಾಸಮರ' ಎಂಬ ಅಧ್ಯಾಯಕ್ಕಾಗಿ ದಮ್ಮಣ್ಣನ ಕೋಣೆಗೆ ಬಂದರು. ನರಗಳು ಗಂಟು ಗಂಟಾಗಿ ಉಬ್ಬಿದ ಕಾಲುಗಳನ್ನು ಬಿಸಿನೀರಿನ ಬಕೆಟ್ಟಿನಲ್ಲಿ ಇಳಿಬಿಟ್ಟು ಅವನು ಮಂಚದ ಅಂಚಿನಲ್ಲಿ ಕೂತಿದ್ದ.

"ಬಾಗಿಲಿಗೆ ಬೀಗ ಬಿತ್ತಲ್ಲಪ್ಪ, ಅದಕ್ಕೆ ಮುಂಚೆ ಎಳೆದ ಕೊನೇ ದಮ್ಮು, ಅದು ಹೇಗಿತ್ತು? ಒಂದೇ ಒಂದು ವಾಕ್ಯ ಕೊಡು. ಅಧ್ಯಾಯದ ನೆತ್ತಿ ಮೇಲೆ ಹಾಕ್ತೀನಿ."

"ನಾನು ಸೇದೋನಲ್ಲ ಮೇಷ್ಟ್ರೇ. ಒಂದಿನಾನೂ ಹಚ್ಚಿಲ್ಲ. ಕಾಲು ನೋಯ್ತಿತ್ತು, ಅಲ್ಲೊಂದು ಸ್ಟೂಲಿತ್ತು."

ಮೇಷ್ಟ್ರ ಪೆನ್ನು ಗಾಳಿಯಲ್ಲೇ ನಿಂತಿತು. "ಅಯ್ಯೋ ಪುಣ್ಯಾತ್ಮ! ಅವತ್ತು ಮ್ಯಾನೇಜರ್ ಮುಂದೆ ಇದನ್ನ ಯಾಕೋ ಹೇಳ್ಲಿಲ್ಲ?"

"ಬಾಯಿ ತೆಗ್ದಿದ್ದೆ" ಎಂದ ದಮ್ಮಣ್ಣ. "ನೀವು ಮಾತಾಡ್ತಾ ಇದ್ರಿ."