ಕೊನೆಯ ಅಂಕಿಯಿಂದ ಶುರು

ತೂತು ಕೊರೆದ ಆ ಕಾರ್ಡನ್ನು ಅಮ್ಮ ಅಡುಗೆಮನೆಯ ಕಿಟಕಿಯ ಬೆಳಕಿಗೆ ಹಿಡಿದು, "ಇದೆಂತದು, ಗೆದ್ದಲು ತಿಂದದ್ದಾ?" ಎಂದು ಕೇಳಿದಳು. ಅರುವತ್ತರ ದಶಕದ ಒಂದು ಬೇಸಿಗೆ. ಗಣಕಯಂತ್ರಕ್ಕೆ ಇಂಥ ತೂತುಕಾರ್ಡುಗಳ ಮೂಲಕ ಕೆಲಸ ಹೇಳಿಕೊಡುವ ವಿದ್ಯೆಯನ್ನು ದೂರದ ಊರಲ್ಲಿ ಕಲಿತು ನಾನು ಕದ್ರಿಯ ಮನೆಗೆ ಆಗಷ್ಟೇ ಮರಳಿದ್ದೆ. ಮಂಗಳೂರಿನಲ್ಲಿ ಅಂಥ ಯಂತ್ರವನ್ನು ಕಂಡವರೇ ಇರಲಿಲ್ಲ. ಆದರೂ ಆ ವಿದ್ಯೆಯನ್ನು ಇಲ್ಲೇ ಕಲಿಸಬೇಕೆಂದು ನನ್ನ ಆಸೆ.

"ಕುದುರೆ ಇಲ್ಲದ ಊರಲ್ಲಿ ಸವಾರಿ ಕಲಿಸ್ತೀಯಾ?" ಎಂದು ಅಕ್ಕ ಲಿಲ್ಲಿ ನಕ್ಕಳು. ಆಸ್ಪತ್ರೆಯ ನರ್ಸು ಅವಳು; ನಾನು ಕಾಲೇಜಿನ ಗಣಿತದ ಟೀಚರು. ನಗುವಿಗೆ ನಗುವಿನಿಂದಲೇ ಉತ್ತರಿಸಿದೆನಾದರೂ, ಗೆಳೆಯರೇ, ಆ ಮಾತು ಮುಳ್ಳಿನಂತೆ ಒಳಗೇ ಉಳಿಯಿತು.

ಒಂದು ಸೋಮವಾರ ಅವಳಿಗೆ ಬುತ್ತಿ ಕೊಡಲು ಆಸ್ಪತ್ರೆಗೆ ಹೋದರೆ ಅಲ್ಲಿ ಕೋಲಾಹಲ. ಸುಣ್ಣ ಬಳಿಯುವವರು ಸರಿಸಲು ಹೋಗಿ ಕಪಾಟು ಮಗುಚಿ, ರೋಗಿಗಳ ಕಾರ್ಡುಗಳೆಲ್ಲ ನೆಲದ ಪಾಲಾಗಿದ್ದವು. ಯಾರಿಗೆ ಯಾವ ಔಷಧ ಒಗ್ಗದೆಂಬುದು ಅವುಗಳಲ್ಲೇ ಇದ್ದುದರಿಂದ ಕಾರ್ಡಿಲ್ಲದೆ ಸೂಜಿ ಹಾಕಲು ಡಾಕ್ಟರು ಒಪ್ಪಲಿಲ್ಲ. ಹೊರಗೆ ಸಾಲು ಬೆಳೆಯುತ್ತಿತ್ತು. ಸಾಲಿನ ಮುಂದೆ, ಜ್ವರದಿಂದ ಕೆಂಡವಾಗಿದ್ದ ಮೊಮ್ಮಗಳನ್ನು ಹೆಗಲಿಗೊರಗಿಸಿಕೊಂಡು ಬಟ್ಟೆ ಅಂಗಡಿಯ ಇಬ್ರಾಹಿಂ ಬ್ಯಾರಿ ನಿಂತಿದ್ದರು. "ಹೋದ ಸಲ ಸೂಜಿ ಹಾಕಿ ಇವಳಿಗೆ ಉಸಿರೇ ಕಟ್ಟಿತ್ತು ಸಿಸ್ಟರೇ. ಯಾವ ಮದ್ದು ಅಂತ ನನಗೆ ಗೊತ್ತಿಲ್ಲ."

ನರ್ಸುಗಳು ರಾಶಿಯೊಳಗೆ ಕೈಹಾಕಿ ಸಿಕ್ಕಿದ್ದನ್ನೆಲ್ಲ ಹೆಕ್ಕುತ್ತಿದ್ದರು. ನಾನು ಅಡುಗೆಕೋಣೆಯಿಂದ ಹತ್ತು ಬಟ್ಟಲು ತರಿಸಿದೆ. ಸೊನ್ನೆಯಿಂದ ಒಂಬತ್ತರವರೆಗೆ ಒಂದೊಂದು ಅಂಕಿಗೆ ಒಂದೊಂದು.

"ಕಾರ್ಡಿನ ಮೂರಂಕಿಯ ನಂಬರಿನಲ್ಲಿ ಕೊನೆಯ ಅಂಕಿ ನೋಡಿ ಹಾಕಿ. ಮತ್ತೆ ಸೊನ್ನೆಯ ಬಟ್ಟಲಿಂದ ಕ್ರಮವಾಗಿ ಒಟ್ಟು ಮಾಡಿ, ನಡುವಿನ ಅಂಕಿ ನೋಡಿ ಹಾಕುವ. ಆಮೇಲೆ ಮೊದಲಿನದ್ದು."

"ಕೊನೆಯಿಂದ ಶುರುವಾ? ನಿನಗೆ ಹುಚ್ಚು ಉಂಟಾ ಮಾರಾಯ್ತಿ?" ಎಂದಳು ಲಿಲ್ಲಿ.

"ಒಂದೇ ನಿಯಮ. ಬಟ್ಟಲಿಗೆ ಮೊದಲು ಬಿದ್ದದ್ದು ಮೊದಲೇ ಹೊರಬರಬೇಕು, ಹೊರಗಿನ ಸಾಲಿನ ಹಾಗೆ. ನಡುವೆ ನುಗ್ಗುವ ಹಾಗಿಲ್ಲ."

ಮೊದಲ ಸುತ್ತು ಮುಗಿದಾಗ ಅವ್ಯವಸ್ಥೆ ಹೆಚ್ಚಿದಂತೆಯೇ ಕಂಡಿತು. ಎರಡನೆಯದರಲ್ಲೂ ಮುಖಗಳು ಅರಳಲಿಲ್ಲ. ಪುಸ್ತಕದಲ್ಲಿ ನೂರು ಬಾರಿ ಸಾಧಿಸಿದ್ದ ಸತ್ಯವೂ ಕಾಯುವ ಮಗುವಿನೆದುರು ಹೇಗೆ ನಡುಗುತ್ತದೆಂದು ಅಂದು ತಿಳಿಯಿತು. ಮೂರನೆಯ ಸುತ್ತಿನಲ್ಲಿ ಬಟ್ಟಲುಗಳನ್ನು ಒಂದೊಂದಾಗಿ ಬರಿದು ಮಾಡುತ್ತಾ ಹೋದಂತೆ ಕಾರ್ಡುಗಳು ತಮ್ಮ ನೆರೆಹೊರೆಯನ್ನು ತಾವೇ ಗುರುತಿಸಿಕೊಂಡವರಂತೆ ಸಾಲುಗಟ್ಟಿದವು. ಸಂಖ್ಯೆಗಳ ಸರಪಳಿ ಎಲ್ಲೂ ತುಂಡಾಗಲಿಲ್ಲ.

ಲಿಲ್ಲಿ ಬ್ಯಾರಿಯವರ ಕೈಲಿದ್ದ ಮಗುವಿನ ಚೀಟಿಯ ನಂಬರು ಓದಿದಳು, ಕಾರ್ಡುಗಳನ್ನು ಕ್ರಮವಾಗಿ ಇಟ್ಟಿದ್ದ ಡ್ರಾಯರಿಗೆ ಕೈಹಾಕಿದಳು, ಒಂದೇ ಸಲಕ್ಕೆ ಕಾರ್ಡನ್ನು ಎಳೆದಳು. ಪೆನಿಸಿಲಿನ್ ಕೂಡದೆಂದು ಅದರಲ್ಲಿ ಕೆಂಪು ಶಾಯಿಯಲ್ಲಿ ಬರೆದಿತ್ತು. ಡಾಕ್ಟರು ಬೇರೆ ಔಷಧ ಬರೆದರು. ಸಂಜೆಗೆ ಮಗು ಗಂಜಿ ಕೇಳಿತು.

ವಸ್ತುಗಳನ್ನು ಇಡುವ ರೀತಿಯೇ ಅರ್ಧ ಉತ್ತರ, ತಪ್ಪದೆ ನಡೆಯುವ ಹೆಜ್ಜೆಗಳೇ ಇನ್ನರ್ಧ. ಇಷ್ಟನ್ನು ಹೇಳಲು ಯಾವ ಯಂತ್ರ ಬೇಕು? ಕರಿಹಲಗೆ ಸಾಕು. ಆ ವಾರವೇ ಕಾಲೇಜಿನ ಮೂಲೆಯ ಕೋಣೆಯೊಂದನ್ನು ಕೇಳಿ ಪಡೆದೆ. ಮೊದಲ ತರಗತಿಗೆ ಬಾಗಿಲು ತೆರೆದಾಗ, ಬಿಳಿ ಸಮವಸ್ತ್ರದಲ್ಲೇ ಓಡಿಬಂದಿದ್ದ ಲಿಲ್ಲಿ ಮುಂದಿನ ಬೆಂಚಿನಲ್ಲಿ ಕುಳಿತಿದ್ದಳು. ಹಿಂದೆ ಅವಳ ವಾರ್ಡಿನ ನರ್ಸುಗಳೆಲ್ಲ.

"ಶುರು ಮಾಡು ಟೀಚರೇ," ಎಂದಳು ಅಕ್ಕ.