ಕಂಡಕ್ಟರಮ್ಮನ ಬೀರು

ಬೀದಿಯವರೆಲ್ಲ ಆಕೆಯನ್ನು ಕಂಡಕ್ಟರಮ್ಮ ಎಂದೇ ಕರೆಯುತ್ತಿದ್ದರು. ಬಸ್ಸಿನ ಕೆಲಸದಿಂದ ಆಕೆ ನಿವೃತ್ತಳಾಗಿ ಎಷ್ಟೋ ಕಾಲವಾಗಿತ್ತು, ಗಂಟಲು ಮಾತ್ರ ಇನ್ನೂ ಡ್ಯೂಟಿಯಲ್ಲೇ ಇತ್ತು. ದೊಡ್ಡ ಮೋರಿ ಉಕ್ಕಿ ಕೊಳಕು ನೀರು ಮನೆಗೆ ನುಗ್ಗಿದ ದಿನ ಮಂಚದ ಮೇಲೆ ನಿಂತು ಮಗನಿಗೆ, ಸೊಸೆಗೆ, ಪಕ್ಕದ ಮನೆಯವರಿಗೆ, ಕೊನೆಗೆ ನೀರಿಗೂ ಅಪ್ಪಣೆ ಕೊಟ್ಟವಳು ಈಕೆ. ನೀರೊಂದು ಬಿಟ್ಟು ಉಳಿದವರೆಲ್ಲ ಕೇಳಿದರು.

ನೀರು ಇಳಿದದ್ದೇ ತಡ, ಟೊಂಕ ಕಟ್ಟಿ ನಿಂತಳು. ಹಾಸಿಗೆ, ದಿಂಬು, ಸೋಫಾ, ತನ್ನ ಮದುವೆಯ ಫೋಟೋಗಳು, ನೆನೆದದ್ದನ್ನೆಲ್ಲ ಹಿಂದುಮುಂದು ನೋಡದೆ ಬೀದಿಗೆ ಎಸೆದಳು. ಫೋಟೋ ನೋಡಿ ಮಗ ಕಣ್ಣು ತುಂಬಿಕೊಂಡರೆ, ನೀರಿಗೆ ಹೆದರಿ ಅಳುವವರು ಬೇರೆ ಮನೆ ನೋಡಿಕೊಳ್ಳಲಿ ಎಂದು ಗದರಿದಳು. ಆದರೆ ನಡುಕೋಣೆಯ ಗೋಡೆಬೀರುವಿನ ಹತ್ತಿರ ಬಂದಾಗ ಆಕೆಯ ಕೈ ನಿಂತಿತು. ಬಡಗಿಯಾಗಿದ್ದ ಗಂಡ ಸಾಯುವ ಮುಂಚೆ ಕೊನೆಯದಾಗಿ ಮಾಡಿದ ಬೀರು ಅದು. ಕೆಳಗಿನ ಹಲಗೆಗಳು ನೀರು ಕುಡಿದು ಊದಿಕೊಂಡಿದ್ದವು.

ಗಾಳಿಯಾಡಲೆಂದು ಕಿಟಕಿ ಬಾಗಿಲು ತೆರೆದಿಟ್ಟರೂ ಬೀರುವಿನ ಮೂಲೆಯಲ್ಲಿ ಕಪ್ಪು ಬೂಷ್ಟು ಹತ್ತಿತು. ದಿನಾ ಬೆಳಿಗ್ಗೆ ಬ್ಲೀಚಿಂಗ್ ಪೌಡರ್ ಕಲಸಿ ಉಜ್ಜುತ್ತಿದ್ದಳು. ಉಜ್ಜಿದಷ್ಟೂ ಅದು ಬರುತ್ತಿತ್ತು. ಹಾಳಾದ್ದು, ಅದಕ್ಕೂ ಮಾನ ಮರ್ಯಾದೆ ಇರಲಿಲ್ಲ. ಹಲಗೆಯ ಹಿಂದೆ ಗೋಡೆಯೇ ಒದ್ದೆಯಾಗಿದೆ, ಬೀರು ಕಿತ್ತು ಗೋಡೆ ಒಣಗಿಸದೆ ಬೇರೆ ದಾರಿಯಿಲ್ಲ ಎಂದು ಮಗ ಮೆಲ್ಲಗೆ ಹೇಳಿ ನೋಡಿದ.

"ನಾನು ಸತ್ತ ಮೇಲೆ ಕೀಳು," ಎಂದಳು.

ಆಮೇಲೆ ಮನೆಯಲ್ಲಿ ಯಾರೂ ಬೀರುವಿನ ಸುದ್ದಿ ಎತ್ತಲಿಲ್ಲ.

ಆ ಕೋಣೆಯಲ್ಲಿ ಮಲಗುತ್ತಿದ್ದವರು ಮಗ ಮತ್ತು ಬಸುರಿ ಸೊಸೆ. ಸೊಸೆ ದಿನೇ ದಿನೇ ಸೊರಗುತ್ತಿದ್ದಳು. ಮೊದಲ ಬಸುರಲ್ಲಿ ಇದೆಲ್ಲ ಇದ್ದದ್ದೇ ಎಂದು ಕಂಡಕ್ಟರಮ್ಮ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಒಂದು ಮಧ್ಯಾಹ್ನ ತರಕಾರಿ ತರಲು ಹೋದವಳು ಚೀಲ ಮರೆತು ಅರ್ಧ ದಾರಿಯಿಂದ ವಾಪಸ್ಸು ಬಂದರೆ, ಹಿತ್ತಲಲ್ಲಿ ಸೊಸೆ ಕುಕ್ಕರುಗಾಲಲ್ಲಿ ಕೂತಿದ್ದಾಳೆ. ಒಂದು ಕೈ ಹೊಟ್ಟೆಯ ಮೇಲೆ. ಇನ್ನೊಂದು ಕೈಯಿಂದ ಬಾಯಿಗೆ ಟವೆಲ್ ತುರುಕಿಕೊಂಡು, ಸದ್ದಾಗದಂತೆ ಕೆಮ್ಮುತ್ತಿದ್ದಾಳೆ. ಮುಖವೆಲ್ಲ ಕೆಂಪಾಗಿದೆ.

ಯಾಕಮ್ಮ ಹೀಗೆ ಎಂದು ಕೇಳಿದ್ದಕ್ಕೆ ಸೊಸೆ ಉಸಿರು ಎಳೆದುಕೊಳ್ಳುತ್ತ ಹೇಳಿದಳು:

"ಜೋರಾಗಿ ಕೆಮ್ಮಿದ್ರೆ ಬೀರು ತೆಗೀರಿ ಅಂತ ಹೇಳ್ದಂಗಾಗುತ್ತೆ ಅಲ್ವಾ, ಅತ್ತೆ."

ಬಸ್ ತುಂಬ ಜನರ ಬಾಯಿ ಮುಚ್ಚಿಸಿದವಳಿಗೆ ತನ್ನ ಮೇಲೆಯೇ ಅಸಹ್ಯವಾಯಿತು. ಸೊಸೆಯನ್ನು ಕೈಹಿಡಿದು ಎದುರುಮನೆಯಲ್ಲಿ ಕೂರಿಸಿ ಬಂದಳು. ಮೂಗು ಬಾಯಿಗೆ ಒದ್ದೆ ಬಟ್ಟೆ ಬಿಗಿದಳು. ಗಂಡನ ಸುತ್ತಿಗೆಯನ್ನೇ ಹುಡುಕಿ ತೆಗೆದಳು.

ಮಗ ಕೆಲಸದಿಂದ ಬರುವಷ್ಟರಲ್ಲಿ ಅರ್ಧ ಬೀರು ನೆಲದ ಮೇಲಿತ್ತು. ಹಿಂದಿನ ಗೋಡೆ ಮೇಲಿಂದ ಕೆಳಗಿನವರೆಗೆ ಕಪ್ಪಿಟ್ಟಿತ್ತು. ಅವನು ಬೀರುವಿನ ಒಂದು ಬಾಗಿಲನ್ನಾದರೂ ಅಪ್ಪನ ನೆನಪಿಗೆ ಇಟ್ಟುಕೊಳ್ಳೋಣ ಎಂದು ಗೋಗರೆದ. ಆಕೆ ಆ ಬಾಗಿಲನ್ನು ತಿರುಗಿಸಿ ಒಳಮೈ ತೋರಿಸಿದಳು. ಅಲ್ಲೂ ಬೂಷ್ಟು.

"ನಿಮ್ಮಪ್ಪ ಇದ್ದಿದ್ರೆ ಮೊದಲ್ನೇ ದಿನಾನೇ ಇದನ್ನ ಒಡೀತಿದ್ರು," ಎಂದಳು. "ನಾನೇ ಅವ್ರ ಹೆಸರು ಹೇಳ್ಕೊಂಡು ಆ ಹುಡುಗಿ ಉಸಿರು ಹಿಂಡ್ತಿದ್ದೆ. ಆ ಕಡೆ ಹಿಡಿ."

ಇಬ್ಬರೂ ಸೇರಿ ಬಾಗಿಲನ್ನು ಹೊರಗೆ ಹಾಕಿದರು. ಒಳಗೆ ಬಂದವಳು ಬರಿದಾದ ಗೋಡೆಯ ಮುಂದೆ ನಿಂತು ಗೊಳೋ ಎಂದು ಅತ್ತಳು. ಮಗ ಸಮಾಧಾನ ಮಾಡಲು ಬಂದರೆ ಅವನ ಕೈ ಸರಿಸಿ, ಕಣ್ಣೊರೆಸಿಕೊಳ್ಳದೆ, ಗಾರೆ ಕರಣೆ ಎತ್ತಿಕೊಂಡು ಗೋಡೆ ಕೆರೆಯತೊಡಗಿದಳು.