ಗಿರಿಧರನ ಲ್ಯಾಪ್‌ಟಾಪು ಏಳುವ ಹೊತ್ತಿಗೆ

ಮೊಮ್ಮಗಳೇ, ಪೂರ್ವಿ, ಬರೆದುಕೋ, ನನ್ನ ತಮ್ಮ ಗಿರಿಧರನ ವಿಷಯ ಹೇಳುತ್ತೇನೆ. ನಿನ್ನ ಕನ್ನಡ ಅಕ್ಷರ ತಿದ್ದಿದವನು ಅವನೇ, ತಪ್ಪಾದರೆ ಅವನ ತಲೆಗೇ ಕಟ್ಟೋಣ.

ಈ ಮರಾಠಿ ಊರಿನ ಸಿವಿಲ್ ಲೈನ್ಸಿನ ಸರ್ಕಾರಿ ಕಚೇರಿಯಲ್ಲಿದ್ದ. ಬದನೆಕಾಯಿ ಪಲ್ಯ ಕಂಡರೆ ಊಟದ ಲೆಕ್ಕ ಮರೆಯುವವನು, ಅದಿರಲಿ. ನಿವೃತ್ತಿಯಾದ ಮೇಲೆ ಪಕ್ಕದ ಕಾಮಠಿ ದಂಡಿನ ಕನ್ನಡ ಫೌಜಿಗಳ ಮನೆಯ ಮಕ್ಕಳಿಗೆ ಬೆಳಿಗ್ಗೆ, ಶಾಲೆಯ ಬಸ್ಸು ಬರುವ ಮುಂಚೆ, ಲ್ಯಾಪ್‌ಟಾಪಿನ ವೀಡಿಯೋ ಕರೆಯಲ್ಲಿ ಕನ್ನಡ ಕಲಿಸುತ್ತಿದ್ದ. ಅಪ್ಪಂದಿರಿಗೆ ವರ್ಗವಾದ ಹಾಗೆ, ಹೊಸ ಊರಿನ ಶಾಲೆಯ ವೇಳೆಗೆ ಪಾಠ ಹೊಂದದೆ, ಮಕ್ಕಳು ಕಡಿಮೆಯಾಗಿ, ಕೊನೆಗೆ ನಿಕಿತಾ, ಋತ್ವಿಕ್ ಇಬ್ಬರೇ ಉಳಿದರು. ಅವರೂ ಹೋದರೆ ಪಾಠವೇ ಇಲ್ಲ. ಫೋನಿನಲ್ಲಿ ಕಲಿಸೋಣವೆಂದರೆ, ರಾಮದಾಸಪೇಠದ ಆಸ್ಪತ್ರೆಯಲ್ಲಿ ಕಣ್ಣಿನ ಆಪರೇಷನ್ ಆದ ಮೇಲೂ ಅವನಿಗೆ ಅಷ್ಟು ಸಣ್ಣ ಪರದೆ ಕಾಣುವುದಿಲ್ಲ.

ಲ್ಯಾಪ್‌ಟಾಪಿನ ಹಳೆಯ ಸಿಸ್ಟಮ್ಮಿಗೆ ಇನ್ನು ಅಪ್‌ಡೇಟ್ ಬರುವುದಿಲ್ಲ ಎಂದು ಪರದೆ ಹೇಳಿತಂತೆ. ಹೆದರಿ ಅದರಲ್ಲೇ ಹೊಸ ಸಿಸ್ಟಮ್ ಹಾಕಿಸಿದ. ಅಂದಿನಿಂದ ಬಟನ್ ಒತ್ತಿದರೆ ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇರುತ್ತಿತ್ತು. ಬೇಗ ಎದ್ದು ಹಚ್ಚಿದರೂ ಪಾಠ ತೆರೆದೊಡನೆ ನಿಂತುಬಿಡುತ್ತಿತ್ತು. ಆರಿಸಿ ಮತ್ತೆ ಹಚ್ಚುವಷ್ಟರಲ್ಲಿ ಬಸ್ಸು ಬಂದಿರುತ್ತಿತ್ತು.

ಪಕ್ಕದೂರು ಕನ್ಹಾನಿನಿಂದ ರಿಪೇರಿಯ ವಾಮನ ಬಂದ. ನೋಡಿ ನಕ್ಕ.

"ಮಾಮಾ, ಸುಪ್ರಭಾತ, ಪಂಚಾಂಗ, ದಶಾವತಾರದ ಫೋಟೋ, ಎಲ್ಲಾನೂ ಇದು ಚಾಲೂ ಆಗೋ ಹೊತ್ತಿಗೇ ಒಮ್ಮೆಲೆ ಎಬ್ಬಸ್ತೀರಿ. ಇದಕ್ಕ ಉಸಿರಾಡಲಿಕ್ಕೆ ಬ್ಯಾಡೇನು?"

"ಕೆಲಸಕ್ಕ ಮೊದ್ಲ ದೇವರ ಮಾರಿ ನೋಡಬೇಕಲ್ಲೋ."

"ಗ್ವಾಡಿ ಮ್ಯಾಲಿನ ಪಟದಾಗ ನೋಡ್ರಿ. ಅಲ್ಲಿ ದೇವರು ಜಲ್ದಿ ಬರ್ತಾನ."

ಗಿರಿಧರ ಕೈ ಮುಗಿದು ಒಂದೊಂದನ್ನೇ ತೆಗೆಸಿದ. ಮರುದಿನ ಲ್ಯಾಪ್‌ಟಾಪು ಬರೋಬರ್ ಎದ್ದಿತು. ನಿಕಿತಾ 'ಳ' ಬರೆದು ತೋರಿಸಿದಳೆಂದು ನನಗೆ ಫೋನು ಮಾಡಿದ, ಅವಳಿಗೆ ಮೆಡಲು ಸಿಕ್ಕಿತೋ ಎನ್ನುವ ಹಾಗೆ. ಆಮೇಲೆ ಮತ್ತೆ ಅದೇ ಚಕ್ರ.

ವಾಮನ ಹೊಸ ಡಿಸ್ಕ್ ತಂದು ಹಚ್ಚಿ ನೋಡಿದ. ಈ ಸಲ ನಗಲಿಲ್ಲ.

"ಹೊಸ ಡಿಸ್ಕಿನ ಗುರುತ ಹಿಡೀವಲ್ದು ಮಾಮಾ. ಒಳಗಿನ ಬೋರ್ಡೇ ಸೋತದ. ಹಳೇ ಸಿಸ್ಟಮ್ ಹಾಕಿದ್ರೂ ಇನ್ನ ಭರವಸೆ ಇಲ್ಲ."

ಹೊಸ ಲ್ಯಾಪ್‌ಟಾಪು ತಗೋ ಎಂದೆ. "ಪಿಂಚಣಿ ಕೂಡಿಸಿ ಅದು ತರೋತನಕ ಮಕ್ಕಳು ನಿಲ್ಲಬೇಕಲ್ಲ ಅಕ್ಕಾ," ಎಂದ.

ನಿಲ್ಲಲಿಲ್ಲ. ಋತ್ವಿಕ್‌ನ ಅಪ್ಪನಿಗೆ ವರ್ಗವಾಯಿತು. ನಿಕಿತಾಳ ತಾಯಿ ರಾಗಿಣಿ ಫೋನು ಮಾಡಿದಳು. "ಕಾಕಾ, ಸಿಟ್ಟಾಗಬ್ಯಾಡ್ರಿ. ದಿನಾ ಖಾಲಿ ಪರದೆ ನೋಡಿ ನೋಡಿ ಅಳ್ತಾಳ. ಡ್ರಾಯಿಂಗ್ ಕ್ಲಾಸಿಗೆ ಹಾಕೀನಿ."

"ಚಲೋ ಆತು ಬಿಡವಾ, ಚಿತ್ರ ಬರೀಲಿ," ಎಂದನಂತೆ.

ಮೊನ್ನೆ ಬೆಳಿಗ್ಗೆ ಬದನೆಕಾಯಿ ಪಲ್ಯದ ಡಬ್ಬಿ ಹಿಡಿದು ಹೋದೆ. ಸ್ನಾನ, ಸಂಧ್ಯಾವಂದನೆ ಮುಗಿಸಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕುಳಿತಿದ್ದ. ಲ್ಯಾಪ್‌ಟಾಪು ಆ ದಿನ ಹೇಗೋ ಎದ್ದು ಪಾಠ ತೆರೆದಿತ್ತು. ಪರದೆಯಲ್ಲಿ ಅವನ ಮುಖ ಒಂದೇ.

"ಆರಿಸೋ ಗಿರೀ, ಯಾರೂ ಬರೋದಿಲ್ಲ."

"ಈಗಷ್ಟ ಎದ್ದದ ಅಕ್ಕಾ. ಸ್ವಲ್ಪ ಇರಲಿ."

ಡಬ್ಬಿಯ ಮುಚ್ಚಳವನ್ನೂ ತೆಗೆಯಲಿಲ್ಲ ಅವನು.